ಇಪ್ಪತ್ತೊಂದನೆಯ ಕಡ್ಡಿ

ನಿವೃತ್ತಿಗೆ ಇನ್ನು ಮೂರು ದಿನ ಇದೆ ಎನ್ನುವಾಗ ಬೀರು ಒಪ್ಪಿಸಲು ಕೂತೆ. ಮೂರನೆಯ ತರಗತಿಯ ಕೋಣೆ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ನನ್ನ ಜಾಗಕ್ಕೆ ಬಂದಿರುವ ಹೊಸ ಟೀಚರ್ ಚುರುಕಿನ ಹುಡುಗಿ, ಕೈ ಸುಮ್ಮನಿರುವುದಿಲ್ಲ. ನಾನು ದಾಸ್ತಾನು ರಿಜಿಸ್ಟರ್ ನೋಡಿ ಓದುವುದು, ಅವಳು ವಸ್ತು ತೆಗೆದು ಎಣಿಸುವುದು, ನಾನು ಟಿಕ್ ಹಾಕುವುದು, ಹೀಗೆ ಸಾಗಿತ್ತು. ಭೂಪಟ ನಾಲ್ಕು. ಕತ್ತರಿ ಹನ್ನೆರಡು, ಅದರಲ್ಲಿ ಮೊಂಡು ಐದು.

“ಮೊಂಡು ಅಂತಾನೂ ಬರೀಬೇಕಾ ಮೇಡಂ?”

“ಬರೀಬೇಕು. ಇಲ್ಲದಿದ್ರೆ ನಾಳೆ ನೀನೇ ಮೊಂಡು ಮಾಡಿದ್ದು ಅಂತಾರೆ.”

“ನಾನು ಬಂದು ವಾರ ಆಗಿಲ್ಲ. ಅಷ್ಟರಲ್ಲಿ ಐದು ಕತ್ತರಿ ಮೊಂಡು ಮಾಡೋಕೆ ನಾನೇನು ತಗಡು ಕತ್ತರಿಸ್ತೀನಾ?” ಎಂದು ನಕ್ಕಳು.

ಕೆಳಗಿನ ಅರೆಯಲ್ಲಿ, ಹಳೆಯ ಚಾರ್ಟುಗಳ ಹಿಂದೆ ಲೆಕ್ಕದ ಮರದ ಪೆಟ್ಟಿಗೆ ಇತ್ತು. ಬಣ್ಣದ ಪ್ಲಾಸ್ಟಿಕ್ ಸೆಟ್‌ಗಳು ಬಂದ ಮೇಲೆ ಇದನ್ನು ಕೇಳುವವರಿರಲಿಲ್ಲ. ಅವಳು ಮುಚ್ಚಳ ತೆಗೆದು ಮೂಸಿ ನೋಡಿದಳು. ಒಳಗೆ ಮೂರು ಖಾನೆ. ಒಂದರಲ್ಲಿ ಬೆರಳ ತುದಿಯಷ್ಟು ಪುಟ್ಟ ಘನಗಳು, ಅವು ಬಿಡಿ, ಅಂದರೆ ಒಂದೊಂದು. ಎರಡನೆಯದರಲ್ಲಿ ಹತ್ತು ಘನಗಳಷ್ಟು ಉದ್ದದ ಕಡ್ಡಿಗಳು, ಅವು ಹತ್ತು. ಮೂರನೆಯದರಲ್ಲಿ ಹತ್ತು ಕಡ್ಡಿಗಳಷ್ಟು ಅಗಲದ ಹಲಗೆಗಳು, ಅವು ನೂರು.

“ಬಿಡಿ ನೂರು,” ಎಂದು ಓದಿದೆ. “ಷರಾ: ಹತ್ತು ಕಳೆದಿವೆ. ಅಂದ್ರೆ ತೊಂಬತ್ತು ಇರಬೇಕು. ಕಡ್ಡಿ ಇಪ್ಪತ್ತು, ಹಲಗೆ ಐದು. ಬಿಡಿ ಮಾತ್ರ ಎಣಿಸು, ಸಾಕು. ಮಿಕ್ಕಿದ್ದು ಎಲ್ಲಿ ಹೋಗುತ್ತೆ.”

ಅವಳು ಮಾತು ಕೇಳುವವಳಲ್ಲ. ಎಲ್ಲವನ್ನೂ ಮೇಜಿನ ಮೇಲೆ ಸುರಿದಳು.

“ಬಿಡಿ ತೊಂಬತ್ತು, ಸರಿ. ಹಲಗೆ ಐದು. ಕಡ್ಡಿ ಇಪ್ಪತ್ತೊಂದು.”

“ಇಪ್ಪತ್ತು.”

“ಇಪ್ಪತ್ತೊಂದು ಮೇಡಂ. ಎರಡು ಸಲ ಎಣಿಸಿದೆ.” ಆಮೇಲೆ ಒಂದು ಕಡ್ಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. “ಇದೊಂದು ಬೇರೆ ಥರ ಇದೆ ನೋಡಿ. ಬಿಡಿಗಳನ್ನೇ ಅಂಟಿಸಿ ಮಾಡಿದ್ದಾರೆ ಯಾರೋ. ಹಾಗಿದ್ರೆ ಕಳೆದಿರೋದು ಏನು? ಒಟ್ಟು ಸರಿಯಾಗೇ ಇದೆಯಲ್ಲ.”

ಕಡ್ಡಿಯನ್ನು ಕೈಗೆ ತೆಗೆದುಕೊಂಡೆ. ಬಡಗಿ ಮಾಡಿಕೊಟ್ಟ ಕಡ್ಡಿಗಳು ಒಂದೇ ತುಂಡು ಮರದವು, ಮೇಲೆ ಒಂಬತ್ತು ಗೀರು, ಅಷ್ಟೇ. ಇದರಲ್ಲಿ ಗೀರುಗಳಿರಲಿಲ್ಲ, ಸಂದುಗಳಿದ್ದವು. ಸಂದಿನಲ್ಲಿ ಒಣಗಿದ ಕಂದು ಅಂಟು. ಐದನೆಯ ಘನ ಕೂದಲೆಳೆಯಷ್ಟು ಹೊರಕ್ಕೆ ಸರಿದಿತ್ತು. ಆ ಅಂಟು ನನಗೆ ಗೊತ್ತು. ನನ್ನ ಗಂಡ ಪುಸ್ತಕಕ್ಕೆ ಬೈಂಡು ಹಾಕುವವರು, ಮನೆಯ ಹಿಂದಿನ ಕೋಣೆಯಲ್ಲೇ ಅವರ ಕೆಲಸ. ಮೂವತ್ತೆಂಟು ವರ್ಷ ಅದೇ ಅಂಟಿನ ವಾಸನೆಯಲ್ಲಿ ಅಡುಗೆ ಮಾಡಿದವಳು ನಾನು.

“ಎಲ್ಲಾ ಎಣಿಸಿ ಟೀಚರ್.” ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಒಂದು ಎಂಟು ವರ್ಷದ ಹುಡುಗಿ ಹೇಳಿದ್ದು ಇಷ್ಟೇ. ಆ ಹುಡುಗಿ ನನ್ನ ಮಗಳು.

*

ಆ ವರ್ಷ ಅವಳು ನನ್ನ ತರಗತಿಗೇ ಬಂದಳು. ಮೂರನೆಯ ತರಗತಿ ಇದ್ದದ್ದು ಒಂದೇ. ನಾನು ಮೊದಲ ದಿನವೇ ಕಟ್ಟುನಿಟ್ಟು ಮಾಡಿದೆ: ಶಾಲೆಯೊಳಗೆ ನಾನು ಟೀಚರ್, ಮನೆಯೊಳಗೆ ಅಮ್ಮ. ಶಾಲೆಯ ಮಾತು ಮನೆಗೆ ಬರಕೂಡದು, ಮನೆಯ ಮಾತು ಶಾಲೆಗೆ ಹೋಗಕೂಡದು. ಟೀಚರ್ ಮಗಳು ಅಂತ ಮುಂದೆ ಕೂರಿಸಿದ್ದಾರೆ ಎಂದು ಯಾರೂ ಆಡಿಕೊಳ್ಳಬಾರದೆಂದು ಅವಳನ್ನು ಕೊನೆಯ ಸಾಲಿನಲ್ಲಿ ಕೂರಿಸಿದೆ. ಏನೇ ಹಂಚಿದರೂ ಅವಳ ಗುಂಪಿಗೆ ಕೊನೆಯ ಸರದಿ. ಇದನ್ನು ನಾನು ನ್ಯಾಯ ಎಂದುಕೊಂಡಿದ್ದೆ.

ಅವಳಿಗೆ ಲೆಕ್ಕ ಹತ್ತುತ್ತಿರಲಿಲ್ಲ. ಮುನ್ನೂರ ಐದು ಬರಿ ಅಂದರೆ ಮುನ್ನೂರು ಬರೆದು ಪಕ್ಕದಲ್ಲಿ ಐದು ಬರೆಯುತ್ತಿದ್ದಳು, 3005. “ಕೇಳಿದ್ದನ್ನೇ ಬರೆದಿದೀನಿ ಟೀಚರ್” ಎನ್ನುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಊರ ಮಕ್ಕಳಿಗೆಲ್ಲ ಬಿಡಿ, ಹತ್ತು, ನೂರು ಕಲಿಸುವವಳ ಮಗಳಿಗೇ ಸೊನ್ನೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಆ ಪೆಟ್ಟಿಗೆಯನ್ನು ಬಡಗಿಯ ಹತ್ತಿರ ನಿಂತು ಮಾಡಿಸಿದ್ದು ನಾನೇ. ಬದಲಿ ಆಟ ಆಡಿಸುತ್ತಿದ್ದೆ. ಆರು ಗುಂಪು. ಪ್ರತಿ ಗುಂಪು ದಾಳ ಹಾಕಿ, ಬಿದ್ದಷ್ಟು ಬಿಡಿಗಳನ್ನು ನನ್ನ ಮೇಜಿನಿಂದ ಒಯ್ಯಬೇಕು. ಹತ್ತು ಬಿಡಿ ಆದ ಕೂಡಲೇ ಓಡಿ ಬಂದು ಅವನ್ನು ಕೊಟ್ಟು ಒಂದು ಕಡ್ಡಿ ತೆಗೆದುಕೊಳ್ಳಬೇಕು. ಕಡ್ಡಿ ಕೈಗೆ ಬಂದಾಗ ಮಕ್ಕಳ ಮುಖ ನೋಡಬೇಕಿತ್ತು. ಕೈತುಂಬ ಇದ್ದದ್ದು ಬೆರಳಷ್ಟಾಯಿತು, ಆದರೂ ಏನೂ ಕಳೆಯಲಿಲ್ಲ ಎನ್ನುವುದು ಅವರಿಗೆ ಪ್ರತಿ ಸಲವೂ ಹೊಸದು.

ಒಂದು ದಿನ ಆಟದ ಕೊನೆಗೆ ಇಪ್ಪತ್ತೂ ಕಡ್ಡಿ ಖಾಲಿಯಾಯಿತು. ಆಗ ಬಂದವಳು ಅವಳು. ಎರಡೂ ಅಂಗೈ ಕೂಡಿಸಿ ಹತ್ತು ಬಿಡಿ ಹಿಡಿದುಕೊಂಡಿದ್ದಳು.

“ಟೀಚರ್, ಹತ್ತಾಯ್ತು. ಕಡ್ಡಿ ಕೊಡಿ.”

“ಮುಗೀತು. ಹೋಗಿ ಕೂತ್ಕೊ.”

“ಹತ್ತಾಗಿದೆ ಟೀಚರ್. ಹತ್ತಾದ್ರೆ ಬಿಡಿಯಾಗಿ ಇಟ್ಕೋಬಾರ್ದು ಅಂತ ನೀವೇ ಹೇಳಿದ್ರಿ.”

“ಇಲ್ಲದ್ದನ್ನ ನಾನು ಎಲ್ಲಿಂದ ತರ್ಲಿ? ಸುಮ್ನೆ ಕೂತ್ಕೊ ಅಂದೆ.”

ಬೇರೆ ಮಗು ಆಗಿದ್ದರೆ ಕಪ್ಪುಹಲಗೆಯ ಮೇಲೆ ಕಡ್ಡಿಯ ಚಿತ್ರ ಬರೆದಾದರೂ ಕೊಡುತ್ತಿದ್ದೆ. ಅಥವಾ ಎರಡು ಮೂರು ಗುಂಪುಗಳನ್ನು ಕೂಡಿಸಿ ಹತ್ತು ಕಡ್ಡಿ ಇಸಿದುಕೊಂಡು ಅವರಿಗೆ ನೂರರ ಹಲಗೆ ಕೊಡಲು ದಾರಿ ಹುಡುಕುತ್ತಿದ್ದೆ. ಆ ಪ್ರಶ್ನೆ ಎಂಥದೆಂದು ಟೀಚರ್ ಆಗಿ ನನಗೆ ಹೊಳೆಯಬೇಕಿತ್ತು. ಹತ್ತಾದರೆ ಬಿಡಿಯಾಗಿ ಇರಬಾರದು. ವರ್ಷವಿಡೀ ನಾನು ಕಾದಿದ್ದ ಮಾತು, ನನ್ನ ಮಗಳ ಬಾಯಿಂದಲೇ ಬಂದಿತ್ತು. ನಾನು ಗಡಿಯಾರ ನೋಡುತ್ತಿದ್ದೆ.

ದಿನವೂ ಸಂಜೆ ಬಿಡಿಗಳನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಹತ್ತು ಸಾಲಾಗಿ ಜೋಡಿಸಿ ಎಣಿಸುವುದು ನನ್ನ ಪದ್ಧತಿ. ಕಡ್ಡಿ, ಹಲಗೆ ಎಣಿಸುತ್ತಿರಲಿಲ್ಲ. ಕಳೆಯುವುದು ಸಣ್ಣದೇ ತಾನೇ. ಆ ಸಂಜೆ ಒಂಬತ್ತು ಸಾಲೇ ಆಯಿತು.

ಮರುದಿನ ಬೆಳಿಗ್ಗೆ ಪಾಠ ಶುರುಮಾಡುವ ಮೊದಲು ಎಲ್ಲರ ಚೀಲ ಹುಡುಕುತ್ತೇನೆಂದೆ. ಮೊದಲು ನನ್ನ ಮಗಳ ಚೀಲ ಎಂದೆ, ಯಾರೂ ಪಕ್ಷಪಾತ ಎನ್ನಬಾರದಲ್ಲ. ಇಡೀ ತರಗತಿಯ ಮುಂದೆ ಚೀಲ ಸುರಿದೆ. ಪೆನ್ಸಿಲ್ ಡಬ್ಬಿಯಲ್ಲಿ ಘನಗಳಿರಲಿಲ್ಲ. ಅದರ ತಳದಲ್ಲಿ ಅಂಟು ಮೆತ್ತಿತ್ತು, ಮರದ ಹುಡಿ ಇತ್ತು.

“ನೀನು ತಗೊಂಡೆಯಾ?”

“ತಗೊಂಡಿದ್ದೆ ಟೀಚರ್. ವಾಪಸ್ ಇಟ್ಟಿದೀನಿ. ಪೆಟ್ಟಿಗೇಲೇ ಇದೆ.”

ಬಿಡಿಗಳ ಖಾನೆಯನ್ನು ಮತ್ತೆ ಎಣಿಸಿದೆ. ಮಕ್ಕಳೂ ನನ್ನ ಜೊತೆ ಗಟ್ಟಿಯಾಗಿ ಎಣಿಸಿದರು. ತೊಂಬತ್ತು.

“ಎಲ್ಲಿದೆ?”

“ಎಲ್ಲಾ ಎಣಿಸಿ ಟೀಚರ್.”

ಅವಳ ಮುಖದಲ್ಲಿ ಏನೋ ಇತ್ತು. ತುಟಿಯ ಕೊನೆಯಲ್ಲಿ ನಗು ತಡೆದುಕೊಂಡಂತೆ. ನಾನು ಅದನ್ನು ಉದ್ಧಟತನ ಎಂದು ಓದಿದೆ. ಕದ್ದದ್ದಲ್ಲದೆ ಸುಳ್ಳು ಬೇರೆ, ಮೇಲಿಂದ ನನಗೇ ಎಣಿಸುವುದು ಹೇಳಿಕೊಡುತ್ತೀಯಾ ಎಂದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಊಟದ ಗಂಟೆಯವರೆಗೂ ನಿಂತಿದ್ದಳು. ಮೊದಲು ನಗು ಹೋಯಿತು. ಆಮೇಲೆ ಅವಳು ಪೆಟ್ಟಿಗೆಯ ಕಡೆ ನೋಡುವುದನ್ನೂ ಬಿಟ್ಟಳು.

ಅಂದಿನಿಂದ ಪೆಟ್ಟಿಗೆಗೆ ಬೀಗ. ಮಕ್ಕಳ ಕೈಗೆ ಕೊಡಲಿಲ್ಲ. ನಾನೇ ಮೇಜಿನ ಮೇಲೆ ಒಂದೆರಡು ಇಟ್ಟು ದೂರದಿಂದ ತೋರಿಸುತ್ತಿದ್ದೆ, ಮಿಕ್ಕಿದ್ದು ಸೀಮೆಸುಣ್ಣದ ಚಿತ್ರ. ಎಷ್ಟು ವರ್ಷದ ಮಕ್ಕಳು ಬದಲಿ ಆಟವಿಲ್ಲದೆ ಆ ಕೋಣೆ ದಾಟಿ ಹೋದರೋ.

ಶಾಲೆಯ ಮಾತು ಮನೆಗೆ ಬರಕೂಡದು ಎಂಬ ನಿಯಮವನ್ನು ಮುರಿದವಳೂ ನಾನೇ. ಒಂದು ವರ್ಷ ಕಳೆದ ಮೇಲೆ ನನ್ನ ತಮ್ಮನ ಮುಂದೆ ಇದನ್ನು ತಮಾಷೆಯಾಗಿ ಹೇಳಿಬಿಟ್ಟೆ. ಅವನು ಅವಳಿಗೆ ಹತ್ತಮ್ಮ ಎಂದು ಹೆಸರಿಟ್ಟ. ಆಮೇಲೆ ಮನೆಯಲ್ಲಿ ಚಮಚ ಕಾಣದಿದ್ದರೆ, ಬಾಚಣಿಗೆ ಕಾಣದಿದ್ದರೆ, “ಹತ್ತಮ್ಮನ್ನ ಕೇಳ್ರೋ” ಎನ್ನುವುದು ವಾಡಿಕೆಯಾಯಿತು. ಅವಳ ಮದುವೆಯ ಹಿಂದಿನ ದಿನ ಕೂಡ ಯಾರೋ ಹಾಗೆ ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಅದು ತನ್ನ ಹೆಸರೇ ಎಂಬಂತೆ “ಏನು?” ಎಂದಳು.

*

ಕಡ್ಡಿ ಸಿಕ್ಕ ದಿನ ಸಂಜೆ ಮನೆಗೆ ಬಂದು ನೇರ ಹಿಂದಿನ ಕೋಣೆಗೆ ಹೋದೆ. ಗಂಡ ಹೊಲಿಗೆ ಹಾಕುತ್ತಿದ್ದರು. ಕಡ್ಡಿಯನ್ನು ಅವರ ಮುಂದೆ ಇಟ್ಟೆ. ಹೊಸ ಟೀಚರನ್ನು ಕೇಳಿ ಒಂದು ದಿನದ ಮಟ್ಟಿಗೆ ತಂದಿದ್ದೆ. “ತಗೊಂಡು ಹೋಗಿ ಮೇಡಂ, ರಿಜಿಸ್ಟರ್ ಪ್ರಕಾರ ಅದು ಇಲ್ಲವೇ ಇಲ್ಲವಲ್ಲ” ಎಂದಿದ್ದಳು.

ಅವರು ಕನ್ನಡಕ ಏರಿಸಿ ನೋಡಿದರು. “ಇದು ನಮ್ಮ ಅಂಟು.”

“ಯಾರು ಮಾಡಿದ್ದು, ನೆನಪಿದೆಯಾ?”

ಹೊಲಿಗೆಯ ಸೂಜಿ ಪಕ್ಕಕ್ಕಿಟ್ಟರು. “ಮಗಳು ಒಂದಿನ ಅಂಟು ಕೇಳಿದ್ಲು, ಚಿಕ್ಕವಳಿದ್ದಾಗ. ಏನೋ ಅಂಟಿಸಿ, ಪುಸ್ತಕ ಒತ್ತೋ ಪ್ರೆಸ್ಸಿನ ಕೆಳಗೆ ಇಡು ಅಂತ ಕೊಟ್ಲು. ಬೆಳಿಗ್ಗೆ ನಾನು ಏಳೋ ಮುಂಚೆ ಅವಳೇ ಎದ್ದು ತಿರುಪು ಬಿಚ್ಚಿ ತೆಗೆದಿದ್ಲು. ಅಷ್ಟು ಬೇಗ ಅವಳು ಎದ್ದಿದ್ದು ಅದೊಂದೇ ಸಲ ಇರ್ಬೇಕು.”

“ನನಗೆ ಯಾಕೆ ಹೇಳ್ಲಿಲ್ಲ?”

“ಶಾಲೆ ವಿಷಯ ಮನೇಲಿ ಆಡ್ಬಾರ್ದು ಅಂತ ನೀನೇ ಅಪ್ಪಣೆ ಮಾಡಿದ್ದೆಯಲ್ಲೇ. ಅದು ಏನು ಅಂತ ನಾನು ಕೇಳೂ ಇಲ್ಲ. ಹತ್ತಮ್ಮ ಅಂತ ನಿನ್ನ ತಮ್ಮ ಶುರು ಮಾಡೋ ಹೊತ್ತಿಗೆ ನನಗೆ ಮರೆತೇ ಹೋಗಿತ್ತು.” ಕಡ್ಡಿಯ ಐದನೆಯ ಘನದ ಮೇಲೆ ಬೆರಳಾಡಿಸಿದರು. “ಒತ್ತೋವಾಗ ಜಾರಿದೆ. ನಾನು ಸರಿ ಮಾಡಿ ಕೊಡ್ಬೇಕಿತ್ತು.”

ಅವರ ತಪ್ಪು ಅಷ್ಟೇ. ನನ್ನದು ಬೇರೆ.

*

ಮಗಳು ಎರಡು ಬೀದಿ ಆಚೆ ಇದ್ದಾಳೆ. ಸೋಫಾ ಗವಸು, ಕಿಟಕಿ ಪರದೆ ಹೊಲಿಯುವ ಅಂಗಡಿ, ಮೇಲೆ ಮನೆ. ಕೆಲಸದಲ್ಲಿ ಹೆಸರು ಮಾಡಿದ್ದಾಳೆ. ಆದರೆ ಇಷ್ಟು ಕಿಟಕಿಗೆ ಎಷ್ಟು ಬಟ್ಟೆ ಬೇಕೆಂದು ಗಿರಾಕಿ ಕೇಳಿದರೆ ಕಾಗದ ಮುಟ್ಟುವುದಿಲ್ಲ. ಬಟ್ಟೆಯನ್ನೇ ನೆಲದ ಮೇಲೆ ಹಾಸಿ, ಮಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೇಳುತ್ತಾಳೆ. “ನಂಗೆ ಲೆಕ್ಕ ಬರಲ್ಲ” ಎಂದು ಮೊದಲೇ ಹೇಳಿಬಿಡುತ್ತಾಳೆ, ಯಾರೂ ಕೇಳದಿದ್ದರೂ. ಮೊಮ್ಮಗಳು ಶಾಲೆಗೆ ಸೇರಿದ ವರ್ಷ ಮಗಳು ನನಗೆ ಒಂದೇ ಮಾತು ಹೇಳಿದ್ದಳು: “ಓದು ಬರಹ ಏನಾದ್ರೂ ಹೇಳ್ಕೊಡು. ಲೆಕ್ಕ ಮಾತ್ರ ನೀನು ಹೇಳ್ಕೊಡಬೇಡಮ್ಮ.” ಅದು ನನ್ನ ಮೇಲಿನ ಕರುಣೆ, ವಯಸ್ಸಾದವಳಿಗೆ ಯಾಕೆ ತೊಂದರೆ ಎಂದು, ಎಂದೇ ನಾನು ತಿಳಿದಿದ್ದೆ. ತಿಳಿದಂತೆ ನಟಿಸಿದ್ದೆ ಎನ್ನುವುದು ಹೆಚ್ಚು ಸರಿ.

ನಾನು ಹೋದಾಗ ಅವಳು ಮಂಡಿಯೂರಿ ನೆಲದ ಮೇಲೆ ಬೂದು ಬಣ್ಣದ ಬಟ್ಟೆ ಕತ್ತರಿಸುತ್ತಿದ್ದಳು. ಮೊಮ್ಮಗಳು ಮೇಜಿನ ಕೆಳಗೆ ಪುಸ್ತಕ ಹರವಿಕೊಂಡು ಕೂತಿತ್ತು.

“ಏನಮ್ಮ, ಫೋನೂ ಮಾಡ್ದೆ ಬಂದೆ? ಬೀರು ಒಪ್ಪಿಸಿ ಆಯ್ತಾ?”

“ಆಗ್ತಾ ಇದೆ.”

ದಾರಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. ಕೈಚೀಲದಿಂದ ಕಡ್ಡಿ ತೆಗೆದು ಬಟ್ಟೆಯ ಮೇಲೆ ಇಟ್ಟೆ.

ಅವಳ ಕತ್ತರಿ ನಿಂತಿತು. ಕಡ್ಡಿಯನ್ನು ಎತ್ತಲಿಲ್ಲ. ಬೆರಳಿನಿಂದ ಒಮ್ಮೆ ಹೊರಳಿಸಿದಳು.

“ಸೊಟ್ಟ ಆಗಿದೆ,” ಎಂದಳು. “ಆಗ ಎಷ್ಟು ನೇರ ಇದೆ ಅಂದ್ಕೊಂಡಿದ್ದೆ.”

“ಇವತ್ತು ಸಿಕ್ತು ಕಣೇ. ಹೊಸ ಟೀಚರ್ ಎಣಿಸಿದ್ಲು.”

“ಇವತ್ತಾ?” ನನ್ನ ಮುಖ ನೋಡಿದಳು. “ಅಂದ್ರೆ ನಿನಗೆ ಗೊತ್ತಿರ್ಲಿಲ್ವಾ?”

“ಇಲ್ಲ.”

“ನಾನು ನಿನಗೆ ಗೊತ್ತು ಅಂದ್ಕೊಂಡಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ಕೇಳುವುದೇ ಕಷ್ಟವಾಯಿತು. “ಆ ವರ್ಷ ಪರೀಕ್ಷೆ ಮುಗಿದ ಮೇಲೆ ಎಲ್ಲಾ ಎಣಿಸಿ ಬರೀತೀರಲ್ಲ, ಆಗ ಸಿಕ್ಕಿರುತ್ತೆ, ಅಮ್ಮನಿಗೆ ತಪ್ಪಾಯ್ತು ಅಂತ ಹೇಳೋಕೆ ಮನಸ್ಸಿಲ್ಲ, ಅದಕ್ಕೆ ಸುಮ್ಮನಿದಾಳೆ ಅಂದ್ಕೊಂಡೆ. ಹತ್ತಮ್ಮ ಅಂದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ. ಇವತ್ತು ಹೇಳ್ತಾಳೇನೋ ಅಂತ. ಆಮೇಲೆ ನೋಡೋದು ಬಿಟ್ಟೆ.”

“ಎಣಿಸಲೇ ಇಲ್ಲ ಮಗಳೇ. ಕಡ್ಡಿ ಇಪ್ಪತ್ತು ಅಂತ ಪ್ರತಿ ವರ್ಷ ಹಿಂದಿನ ಪುಟ ನೋಡಿ ಬರೆದೆ.”

“ಎಣಿಸಲೇ ಇಲ್ವಾ.”

ಗೊತ್ತಿದ್ದೂ ಹೇಳದ ತಾಯಿ, ಇಪ್ಪತ್ತೆಂಟು ವರ್ಷ ಒಮ್ಮೆಯೂ ನೋಡದ ತಾಯಿ, ಇಬ್ಬರಲ್ಲಿ ಯಾರು ವಾಸಿ ಎಂದು ಅವಳು ತೂಗಿ ನೋಡುತ್ತಿದ್ದಂತೆ ಕಂಡಿತು. ನಾನೂ ನೋಡುತ್ತಿದ್ದೆ.

“ಆಗಲೇ ಕಡ್ಡಿ ಎತ್ತಿ ತೋರಿಸಬಾರದಾಗಿತ್ತಾ?” ಕೇಳಬಾರದಿತ್ತು, ಕೇಳಿದೆ.

“ನೀನೇ ಕಂಡುಹಿಡೀಲಿ ಅಂತ. ತೋರಿಸಿದ್ರೆ ಏನು ಮಜಾ? ಕಡ್ಡಿ ಎಣಿಸ್ತಾ ಇಪ್ಪತ್ತೊಂದು ಬಂದಾಗ ನಿನ್ನ ಮುಖ ಹೇಗಾಗುತ್ತೆ ಅಂತ ನೋಡ್ಬೇಕಿತ್ತು. ಬೆಂಚ್ ಮೇಲೆ ನಿಂತಾಗ್ಲೂ ಸ್ವಲ್ಪ ಹೊತ್ತು, ಈಗ ಎಣಿಸ್ತಾಳೆ, ಈಗ ಎಣಿಸ್ತಾಳೆ ಅಂತಿದ್ದೆ.” ಕತ್ತರಿಯನ್ನು ಮತ್ತೆ ಬಟ್ಟೆಯ ಗುರುತಿಗೆ ಹಚ್ಚಿ ಒಂದು ಗೇಣು ಕತ್ತರಿಸಿದಳು. “ಆಮೇಲೆ ಕಾಲು ನೋವು ಬಂತು. ಲೆಕ್ಕ ಅಂದ್ರೆ ಕಾಲು ನೋವೇ ನೆನಪಾಗ್ತಿತ್ತು.”

“ನನ್ನ ತಪ್ಪು,” ಎಂದೆ. “ನಿಂದಲ್ಲ. ನಂದೇ.”

“ಹೂಂ,” ಎಂದಳು. ಪರವಾಗಿಲ್ಲ ಬಿಡಮ್ಮ ಎನ್ನಲಿಲ್ಲ. ಅನ್ನುತ್ತಾಳೆಂದು ನಾನು ಕಾದಿದ್ದೆ ಎಂಬುದು ಅನ್ನದಿದ್ದಾಗ ತಿಳಿಯಿತು.

ಮೊಮ್ಮಗಳು ಮೇಜಿನ ಕೆಳಗಿನಿಂದ ತೆವಳಿಕೊಂಡು ಬಂದಿತು. “ಇದು ನಮ್ಮ ಶಾಲೇಲಿ ಇದೆ. ನಮ್ಮದು ನೀಲಿ ಬಣ್ಣ. ಇದು ಅಜ್ಜೀದಾ?”

“ಅಮ್ಮ ಮಾಡಿದ್ದು,” ಎಂದೆ.

ಮಗು ನಂಬದೆ ಅಮ್ಮನ ಮುಖ ನೋಡಿತು. ಆಮೇಲೆ ಕಡ್ಡಿಯನ್ನು ಪುಸ್ತಕದ ಪಕ್ಕ ಇಟ್ಟುಕೊಂಡು, ಉಗುರಿನಿಂದ ಒಂದೊಂದೇ ಘನ ಮುಟ್ಟುತ್ತ ಎಣಿಸಿತು. ಹತ್ತು. ಪುಸ್ತಕದಲ್ಲಿ ಏನೋ ಬರೆಯಿತು. ಮತ್ತೆ ಮೊದಲಿಂದ ಎಣಿಸಿತು. ನನ್ನ ನಾಲಿಗೆಯ ತುದಿಗೆ ಪಾಠ ಬಂದಿತ್ತು, ಮೂವತ್ತೈದು ವರ್ಷ ಹೇಳಿದ ಪಾಠ. ಬಾಯಿ ಮುಚ್ಚಿಕೊಂಡೆ.

“ಪುಟ್ಟೀ,” ಮಗಳು ತಲೆ ಎತ್ತದೆ ಹೇಳಿದಳು, “ಪ್ರತಿ ಸಲ ಯಾಕೆ ಎಣಿಸ್ತೀಯ? ಅದು ಅಂಟಿಸಿ ಆಗಿದೆ. ಅಂಟಿಸಿದ ಮೇಲೆ ಅದು ಹತ್ತು ಬಿಡಿ ಅಲ್ಲ, ಒಂದು ಹತ್ತು. ಎಲ್ಲಿ ಇಟ್ರೂ ಹತ್ತೇ.”

“ಬಿಡಿ ಬೇಕಾದ್ರೆ?”

“ಬೇಕಾದ್ರೆ ಬಿಡಿಸ್ಬೇಕು. ಇದನ್ನ ಬಿಡಿಸೋಕೆ ಬರಲ್ಲ, ಅಜ್ಜನ ಅಂಟು. ಇದನ್ನ ಕೊಟ್ಟು ಬೇರೆ ಹತ್ತು ಬಿಡಿ ಇಸ್ಕೋಬೇಕು.”

ಲೆಕ್ಕ ಬರುವುದಿಲ್ಲ ಎನ್ನುವ ನನ್ನ ಮಗಳು. ಮೊಣಕಾಲ ಮೇಲೆ ಕೂತು, ಪರದೆ ಬಟ್ಟೆ ಕತ್ತರಿಸುತ್ತ, ನಾನು ಒಂದು ತಿಂಗಳು ಎಳೆಯುತ್ತಿದ್ದ ಪಾಠವನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸಿದಳು. ಇದು ಅವಳಿಗೆ ಎಂಟನೆಯ ವಯಸ್ಸಿನಿಂದಲೂ ಗೊತ್ತಿತ್ತು. ಗೊತ್ತಾದ ದಿನವೇ ನಾನು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಹೊರಡುವಾಗ ಕಡ್ಡಿ ನಿನ್ನ ಹತ್ತಿರವೇ ಇರಲಿ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

“ಅದು ಶಾಲೇದು. ಪೆಟ್ಟಿಗೇಲಿ ಇಡು. ಇವತ್ತೊಂದಿನ ಇವಳ ಹತ್ರ ಇರ್ಲಿ, ನಾಳೆ ಬೆಳಿಗ್ಗೆ ಕಳಿಸ್ತೀನಿ.” ಬಾಗಿಲವರೆಗೂ ಬಂದು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ನನ್ನ ತೋಳು ಹಿಡಿದುಕೊಂಡಳು, ಮೆಟ್ಟಿಲು ಎತ್ತರ ಎಂದು. “ರಿಜಿಸ್ಟರಲ್ಲಿ ಬರಿ,” ಎಂದಳು.

ಲೆಕ್ಕ ಹೇಳಿಕೊಡಬೇಡ ಎಂದಿದ್ದ ಮಾತನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

*

ಮರುದಿನ ಕಡ್ಡಿ ಪೆಟ್ಟಿಗೆಗೆ ಬಂತು. ರಿಜಿಸ್ಟರ್ ತೆರೆದೆ. ಈ ವರ್ಷದ ಪುಟದಲ್ಲಿ ಕಡ್ಡಿ ಇಪ್ಪತ್ತು ಎಂಬುದನ್ನು ಹೊಡೆದು ಇಪ್ಪತ್ತೊಂದು ಮಾಡಿದೆ. ಷರಾದಲ್ಲಿ ಹತ್ತು ಕಳೆದಿವೆ ಎಂಬುದನ್ನು ಹೊಡೆದು, ಕಳೆದಿಲ್ಲ, ಒಂದು ಕಡ್ಡಿಯಾಗಿವೆ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಹಿಂದಿನ ವರ್ಷದ ಪುಟ. ಅದರ ಹಿಂದಿನದು.

“ಎಲ್ಲಾ ತಿದ್ದಬೇಕಾಗಿಲ್ಲ ಮೇಡಂ, ಈ ವರ್ಷದ್ದು ಸಾಕು,” ಎಂದಳು ಹೊಸ ಟೀಚರ್. ನಾನು ನಿಲ್ಲಿಸದಿದ್ದುದನ್ನು ನೋಡಿ ತನ್ನ ಕೆಲಸಕ್ಕೆ ಹೋದಳು. ಅವಳು ಬೆಳಿಗ್ಗೆಯೇ ಪೆಟ್ಟಿಗೆಯನ್ನು ಮಕ್ಕಳಿಗೆ ಕೊಟ್ಟಿದ್ದಳು. ಕೋಣೆಯ ಕೊನೆಯಲ್ಲಿ ಮರದ ಸದ್ದು.

ಎಲ್ಲಕ್ಕಿಂತ ಹಿಂದಿನ ಪುಟಕ್ಕೆ ಬಂದಾಗ ಮಾತ್ರ ಕೈ ನಿಂತಿತು. ಅಲ್ಲಿ ಷರಾ ಉದ್ದವಾಗಿತ್ತು, ನಾನು ಮರೆತೇಬಿಟ್ಟಿದ್ದೆ. “ಹತ್ತು ಬಿಡಿ ವಿದ್ಯಾರ್ಥಿನಿಯಿಂದ ಕಳವಾಗಿವೆ. ವಿದ್ಯಾರ್ಥಿನಿ ನನ್ನ ಸ್ವಂತ ಮಗಳು. ಶಿಕ್ಷೆ ಕೊಡಲಾಗಿದೆ.” ದುಂಡಗಿನ ಅಕ್ಷರ. ಸ್ವಂತ ಎಂಬುದರ ಕೆಳಗೆ ಗೆರೆ ಎಳೆದಿದ್ದೆ. ಅದನ್ನು ಬರೆದಾಗ ನನಗೆ ಹೆಮ್ಮೆಯಾಗಿತ್ತು, ಅದು ಈಗಲೂ ನೆನಪಿದೆ.

ಅಡಿಪಟ್ಟಿ ಇಟ್ಟು ಮೂರು ವಾಕ್ಯದ ಮೇಲೂ ಗೆರೆ ಎಳೆದೆ. ಸರಕಾರಿ ರಿಜಿಸ್ಟರಿನಲ್ಲಿ ಹೊಡೆದು ಹಾಕಿದ್ದೂ ಕಾಣುವಂತಿರಬೇಕು, ಒಂದೇ ಗೆರೆ, ಅದು ನಿಯಮ. ಗೆರೆಯ ಕೆಳಗೆ ಎಲ್ಲವನ್ನೂ ಓದಬಹುದಿತ್ತು. ಪಕ್ಕದಲ್ಲಿ ಸಹಿ ಮಾಡಿ, ಇಂದಿನ ತಾರೀಖು ಹಾಕಿದೆ.